ಹೆಸರು ಕೊಟ್ಟವರು

ಗುದ್ದಲಿಯಕ್ಕ ತಾನು ಸತ್ತ ಸುದ್ದಿ ಕೇಳಿದಾಗ ಸೊಂಟದವರೆಗೆ ಗುಂಡಿಯೊಳಗಿದ್ದಳು.

ಬೆಳಗಿನ ಹನ್ನೊಂದು ಗಂಟೆ. ಮೇಲಿನ ಮಣ್ಣು ಸಲೀಸಾಗಿ ಬಂದಿತ್ತು. ಕೆಳಗೆ ಗಟ್ಟಿ ಜಲ್ಲಿ. ಗುದ್ದಲಿ ಬಿದ್ದಾಗಲೆಲ್ಲ ಮೊಣಕೈವರೆಗೂ ಜುಮ್ಮೆನ್ನುತ್ತಿತ್ತು. ಐವತ್ಮೂರು ವರ್ಷದ ಹೆಂಗಸು. ಇಪ್ಪತ್ತೊಂಬತ್ತು ವರ್ಷದಿಂದ ಊರಿನ ಸಾರ್ವಜನಿಕ ಸ್ಮಶಾನದಲ್ಲಿ ಗುಂಡಿ ತೋಡುವ ಕೆಲಸ. ಮೊದಲು ಅತ್ತೆ ತೋಡುತ್ತಿದ್ದಳು, ಆಮೇಲೆ ಗಂಡ. ಗಂಡನಿಗೆ ಗುಂಡಿ ತೋಡಿದ ದಿನ ಗುದ್ದಲಿ ಇವಳ ಕೈಗೆ ಬಂತು. ಹೆಸರಿಗೂ ಅಂಟಿಕೊಂಡಿತು.

ಗುಂಡಿಯ ಅಂಚಿಗೆ ಎರಡು ಕಾಲು ಬಂದು ನಿಂತವು. ದೇವಸ್ಥಾನದಲ್ಲಿ ಗಂಟೆ ಹೊಡೆಯುವ ಗಂಟೆಯಣ್ಣ. ಗರ್ಭಗುಡಿಯ ಹೊಸ್ತಿಲು ದಾಟಲು ಅವನಿಗೆ ಅಪ್ಪಣೆಯಿಲ್ಲ. ಹಗ್ಗ ಎಳೆಯಲು ಮಾತ್ರ ಬೇಕು.

"ಅಕ್ಕ, ಮೇಲೆ ಬಾ."

"ಇನ್ನೂ ಎರಡಡಿ ಇದೆ. ಅಲ್ಲಿಂದಲೇ ಹೇಳು."

"ವಾರ್ಡ್ ಆಫೀಸಿನ ಗೋಡೆಗೆ ಓಟಿನ ಪಟ್ಟಿ ಅಂಟಿಸಿದ್ದಾರೆ. ಸತ್ತವರದ್ದು ಬೇರೆ ಹಾಳೆ. ಅದರಲ್ಲಿ ನೀನಿದ್ದೀಯ."

ಗುದ್ದಲಿಯಕ್ಕ ಬೆವರು ಒರೆಸಿಕೊಂಡಳು. "ನೀನು?"

"ನಾನೂ ಹೋಗಿದ್ದೀನಿ. ನಿನಗಿಂತ ಎರಡು ವರ್ಷ ಮುಂಚೆ."

ಸತ್ತಿದ್ದರೂ ಅವಳು ಆ ಗುಂಡಿ ಮುಗಿಸಿಯೇ ಮೇಲೆ ಬಂದಳು. ಮಧ್ಯಾಹ್ನ ಒಂದು ಗಂಟೆಗೆ ಯಾರದೋ ತಾಯಿ ಬರುವವಳಿದ್ದಳು. ಅವಳನ್ನು ಕಾಯಿಸುವುದು ಸರಿಯಲ್ಲ.

ಹಾಳೆಯಲ್ಲಿ ನಲವತ್ತೊಂದು ಹೆಸರು. ಎಲ್ಲವೂ ಸ್ಮಶಾನದ ಹಿಂದಿನ ಬೀದಿಯವು. ಬೇರೆ ಯಾವ ಬೀದಿಯಲ್ಲೂ ಜನ ಹೀಗೆ ಗುಂಪಾಗಿ ಸತ್ತಿರಲಿಲ್ಲ. ತಕರಾರಿದ್ದವರು ಆಫೀಸಿನ ವಿಚಾರಣೆಗೆ ಬರಬೇಕು ಎಂದು ಕೆಳಗೊಂದು ನೋಟೀಸು. ಕಳೆದ ಸಲ ವಾರ್ಡಿನ ಮೆಂಬರ್ ಗೆದ್ದಿದ್ದು ಇಪ್ಪತ್ತಾರು ಓಟಿನಿಂದ. ಹಿಂದಿನ ಬೀದಿ ಅವನಿಗೆ ಒಂದೂ ಓಟು ಹಾಕಿರಲಿಲ್ಲ. ಲೆಕ್ಕ ಮಾಡಲು ಬೆರಳು ಸಾಕು, ಕಂಪ್ಯೂಟರ್ ಬೇಡ.

ಆದರೆ ಈ ನಲವತ್ತೊಂದು ಸಾವನ್ನು ಮೆಂಬರ್ ಕೈಯಾರೆ ಹುಟ್ಟಿಸಿರಲಿಲ್ಲ. ಅದು ಸ್ಮಶಾನದ ರಿಜಿಸ್ಟರಿನಲ್ಲೇ ಇತ್ತು. ಬರೆಸಿದವರು ಬೀದಿಯವರೇ. ಅವನು ಹುಡುಕಿ ತೆಗೆದ, ಅಷ್ಟೇ.

ಆಸ್ಪತ್ರೆಯಿಂದ ವಾರಸುದಾರರಿಲ್ಲದ ಹೆಣಗಳು ಬರುತ್ತವೆ. ಹೊಳೆಯಲ್ಲಿ ತೇಲಿದವರು, ರೈಲಿಗೆ ಸಿಕ್ಕಿದವರು, ಅಂಗಡಿಯ ಜಗಲಿಯ ಮೇಲೆ ಬೆಳಗ್ಗೆ ಏಳದೇ ಹೋದವರು. ಜೊತೆಗೊಂದು ಚೀಟಿ. ಅನಾಮಧೇಯ ಗಂಡಸು. ಅನಾಮಧೇಯ ಹೆಂಗಸು. ಗುದ್ದಲಿಯಕ್ಕನ ಅತ್ತೆ ಅಂಥ ಚೀಟಿ ನೋಡಿದರೆ ಸಿಡಿಮಿಡಿಗುಟ್ಟುತ್ತಿದ್ದಳು. "ಹೆತ್ತವಳು ಏನೋ ಒಂದು ಹೆಸರಿಟ್ಟು ಕರೆದಿರ್ತಾಳೆ. ಹೆಸರಿಲ್ಲದೆ ಮಣ್ಣಿಗೆ ಹಾಕೋಕೆ ಇದೇನು ಕಸವಾ?" ಅಂತ ಹೇಳಿ ಮೊದಲನೆಯ ಹೆಂಗಸಿಗೆ ತನ್ನ ಹೆಸರನ್ನೇ ಬರೆಸಿದಳು. ವಿಳಾಸಕ್ಕೆ ತನ್ನ ಮನೆ. ಆಗಿನ ಗುಮಾಸ್ತ ಒಳ್ಳೆಯ ಮನುಷ್ಯ, ಮಾತಾಡದೆ ಬರೆದುಕೊಂಡ. ಅಲ್ಲಿಂದ ಅದು ಬೀದಿಯ ಪದ್ಧತಿಯಾಯಿತು. ಹೆಸರಿಲ್ಲದ ಹೆಣ ಬಂದರೆ ಯಾರಾದರೊಬ್ಬರು ತಮ್ಮ ಹೆಸರು ಕೊಡುವುದು. ಸತ್ತವರು ಯಾವ ದೇವರ ಕಡೆಯವರೋ ತಿಳಿಯುತ್ತಿರಲಿಲ್ಲ. ಹಾಗಾಗಿ ಮೂರೂ ಕಡೆಯವರು ಬಂದು ನಿಲ್ಲುತ್ತಿದ್ದರು. ಗಂಟೆಯಣ್ಣ ತನಗೆ ಬರುವ ಎರಡು ಮಂತ್ರ ಹೇಳುತ್ತಿದ್ದ. ದರ್ಜಿ ಚಾಚಾ ಬಿಳಿ ಬಟ್ಟೆ ಹೊಲಿದು ತಂದು ಎರಡೂ ಕೈ ಎತ್ತಿ ಪ್ರಾರ್ಥನೆ ಮಾಡುತ್ತಿದ್ದ. ಆಸ್ಪತ್ರೆಯಲ್ಲಿ ಹೆಣ ತೊಳೆಯುವ ಆಯಾ ಒಬ್ಬಳಿದ್ದಳು. ಬಿಳಿ ಸೀರೆ ಉಡುತ್ತಾಳೆಂದು ಎಲ್ಲರೂ ಸಿಸ್ಟರಮ್ಮ ಅನ್ನುತ್ತಿದ್ದರು. ಭಾನುವಾರ ಚರ್ಚಿನಲ್ಲಿ ಅವಳದು ಕೊನೇ ಬೆಂಚು. ಅವಳು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಮೊದಲ ಹಿಡಿ ಮಣ್ಣು ಹಾಕುತ್ತಿದ್ದಳು. "ಮೂರು ಬಾಗಿಲು ತಟ್ಟಿದ್ದೀವಿ, ಯಾವುದೋ ಒಂದು ತೆಗೀತಾರೆ" ಅನ್ನುತ್ತಿದ್ದ ಚಾಚಾ.

ಚಾಚಾ ತನ್ನ ಹೆಸರು ಕೊಟ್ಟಿದ್ದು ನಾಲ್ಕು ವರ್ಷದ ಹಿಂದೆ, ಮುಳುಗಿ ಸತ್ತ ಒಬ್ಬನಿಗೆ. "ನನ್ನ ಟವೆಲ್ ಹಾಕಿ ಸೀಟು ಹಿಡಿದಿದ್ದೀನಿ" ಅಂತ ನಗುತ್ತಿದ್ದ.

ಇಡೀ ಬೀದಿಯಲ್ಲಿ ಹೆಸರು ಕೊಡದವಳು ಒಬ್ಬಳೇ. ಕಡ್ಡಿ. ಚರಂಡಿ ಬಳಿಯುವ ಕೆಲಸ. ಕಡ್ಡಿ ಮುರಿದ ಹಾಗೆ ಮಾತಾಡುತ್ತಾಳೆಂದು ಆ ಹೆಸರು. ಅವಳ ಗಂಡ ಮ್ಯಾನ್‌ಹೋಲಿಗೆ ಇಳಿದವನು ಮೇಲೆ ಬರಲಿಲ್ಲ. ಯಾರೂ ಅವನನ್ನು ಇಳಿಸಿರಲಿಲ್ಲ, ಅವನಾಗಿಯೇ ಇಳಿದಿದ್ದ ಎಂದು ಆಫೀಸಿನವರು ಬರೆದುಕೊಂಡರು. "ನನ್ನ ಹೆಸರು ಇರೋ ಕಾಗದ ಪ್ರಪಂಚದಲ್ಲಿ ಒಂದೇ ಒಂದು. ಓಟಿನ ಪಟ್ಟಿ. ಅದನ್ನ ಯಾವನೋ ಹೆಣಕ್ಕೆ ಕೊಡೋಕೆ ನಾನೇನು ಧರ್ಮಛತ್ರ ಇಟ್ಟಿದ್ದೀನಾ" ಎನ್ನುತ್ತಿದ್ದಳು. ಈಗ ಬೀದಿಯಲ್ಲಿ ದುಡಿಯುವ ವಯಸ್ಸಿನವರ ಪೈಕಿ ಅವಳೊಬ್ಬಳೇ ಕಾಗದದ ಮೇಲೆ ಬದುಕಿದ್ದಳು. ಅದನ್ನು ಎಲ್ಲರಿಗೂ ಎರಡೆರಡು ಸಲ ಹೇಳಿದಳು.

ಮಾರನೆಯ ದಿನ ಗುದ್ದಲಿಯಕ್ಕನಿಗೆ ಸರ್ವಧರ್ಮ ಸೌಹಾರ್ದ ಸಮಿತಿಯಿಂದ ಕರೆ ಬಂತು.

ಸಮಿತಿಗೆ ಮೆಂಬರೇ ಅಧ್ಯಕ್ಷ. ದೇವಸ್ಥಾನದ, ಮಸೀದಿಯ, ಚರ್ಚಿನ ಮೂವರು ಹಿರಿಯರು ಉಪಾಧ್ಯಕ್ಷರು. ಸಭೆಯ ಕೋಣೆಯ ಗೋಡೆ ತುಂಬ ಫೋಟೋ. ಮೂವರೂ ಕೈ ಹಿಡಿದು ಎತ್ತಿದ ಫೋಟೋಗಳು. ಒಂದರಲ್ಲಿ ಗುದ್ದಲಿಯಕ್ಕನೂ ಇದ್ದಳು. ಹೋದ ವರ್ಷ ಶ್ರಮಜೀವಿಗಳಿಗೆ ಸನ್ಮಾನ ಅಂತ ಕರೆಸಿ, ಗುದ್ದಲಿ ಸಮೇತ ನಿಲ್ಲಿಸಿ, ನಾಲ್ಕು ಕೈ ಸೇರಿಸಿ ತೆಗೆದದ್ದು. ಕ್ಯಾಮೆರಾ ಕೆಳಗಿಳಿದ ಕೂಡಲೆ ಮೆಂಬರಿನ ಕಡೆಯವನೊಬ್ಬ ಬಾಟಲಿ ಹಿಡಿದು ಬಂದು ಮೂವರು ಹಿರಿಯರ ಕೈಗೆ ಕೈ ತೊಳೆಯುವ ದ್ರವ ಹಾಕಿದ್ದ. ನಾಲ್ಕನೆಯ ಕೈಗೆ ಹಾಕಲಿಲ್ಲ. ಕೊಳೆ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಇವತ್ತು ಬಾಗಿಲ ಪಕ್ಕ ಒಂದು ಸ್ಟೂಲು ತೋರಿಸಿದರು. ಚಪ್ಪಲಿ ಹೊರಗೆ ಬಿಡು ಎಂದರು. ಒಳಗೆ ಕೂತವರ ಕಾಲಲ್ಲಿ ಬೂಟುಗಳಿದ್ದವು. ಅವಳು ಕೂರಲಿಲ್ಲ.

"ನೋಡಮ್ಮ, ಇದು ಸಣ್ಣ ತಪ್ಪು. ಸರಿ ಮಾಡಬಹುದು" ಎಂದ ಮೆಂಬರ್. ಒಂದು ಕಾಗದ ಮುಂದಕ್ಕೆ ತಳ್ಳಿದ. "ಇದಕ್ಕೆ ಸಹಿ ಹಾಕು. ಆ ಹೆಣಗಳಿಗೆ ಹೆಸರಿರಲಿಲ್ಲ, ತಿಳಿಯದೆ ಸುಳ್ಳು ಹೆಸರು ಬರೆಸಿದೆ, ಅಂತ ಇದೆ. ನಿಮ್ಮ ನಲವತ್ತೊಂದು ಹೆಸರೂ ಪಟ್ಟಿಗೆ ವಾಪಸ್."

"ಅವರ ಹೆಸರು?"

"ಯಾರದು?"

"ಹೂತಿರೋರದು."

"ಅವರು ಮೊದಲಿದ್ದ ಹಾಗೆ. ಅನಾಮಧೇಯ."

ಗುದ್ದಲಿಯಕ್ಕನಿಗೆ ಓದು ಅಷ್ಟಕ್ಕಷ್ಟೆ. ಆದರೆ ಸ್ಮಶಾನದ ಕಾನೂನು ಬಾಯಿಪಾಠ. ಹೆಸರಿರುವ ಗುಂಡಿಯನ್ನು ಯಾರೂ ಮುಟ್ಟುವಂತಿಲ್ಲ. ಹೆಸರಿಲ್ಲದ್ದನ್ನು ಮೂರು ವರ್ಷದ ಮೇಲೆ ಅಗೆಯಬಹುದು. ಆ ನಲವತ್ತೊಂದು ಗುಂಡಿಗಳೂ ಸ್ಮಶಾನದ ಹಿಂಭಾಗದಲ್ಲಿದ್ದವು, ಒಂದರ ಪಕ್ಕ ಒಂದು. ಆ ಗೋಡೆಯ ಆಚೆ ಮೆಂಬರಿನ ಬಾಮೈದ ಐದು ಅಂತಸ್ತಿನ ಅಂಗಡಿ ಕಟ್ಟುತ್ತಿದ್ದ.

"ಕಾರು ನಿಲ್ಲಿಸೋಕೆ ಜಾಗ ಬೇಕು. ಅಲ್ವಾ ಸಾರ್" ಎಂದಳು.

ಮೆಂಬರ್ ಹಿರಿಯರ ಕಡೆ ನೋಡಿದ. ದೇವಸ್ಥಾನದ ಹಿರಿಯರು ಕೆಮ್ಮಿದರು. ಚರ್ಚಿನವರು ಶಾಂತಿ ಮುಖ್ಯ ಎಂದರು. ಮಸೀದಿಯ ಹಿರಿಯರು ಮಾತ್ರ ಅವಳ ಮುಖ ನೋಡಿ ಮಾತಾಡಿದರು. "ಸಹಿ ಹಾಕಿಬಿಡು ತಾಯಿ. ಸತ್ತವರಿಗೆ ಓಟೂ ಇಲ್ಲ, ಜಾಗವೂ ಬೇಕಿಲ್ಲ. ಬದುಕಿರೋರು ಬದುಕಬೇಕಲ್ಲ."

"ನಾಲ್ಕು ದಿನ ಆದ ಮೇಲೆ ಆಫೀಸಲ್ಲಿ ವಿಚಾರಣೆ ಇದೆಯಲ್ಲ. ಅಲ್ಲಿಗೇ ಬಂದು ಹೇಳ್ತೀನಿ" ಎಂದು ಅವಳು ಹೊರಗೆ ಬಂದಳು. ಚಪ್ಪಲಿ ಇಟ್ಟಲ್ಲಿ ಇರಲಿಲ್ಲ. ಯಾರೋ ಕಾಲಲ್ಲಿ ದೂಡಿ ಚರಂಡಿ ಪಕ್ಕ ಹಾಕಿದ್ದರು. ಸಿಟ್ಟು ನೆತ್ತಿಗೇರಿತು. ಬಗ್ಗಿ ಎತ್ತಿಕೊಂಡಳು.

ಸಂಜೆ ಬೀದಿಯವರೆಲ್ಲ ದರ್ಜಿ ಚಾಚಾನ ಅಂಗಡಿಯ ಮುಂದೆ ಸೇರಿದರು. ಅಂಗಡಿ ಎಂದರೆ ಮೂರು ತಗಡಿನ ಗೂಡು. ಒಂದು ಮೆಷಿನ್, ಒಂದು ಇಸ್ತ್ರಿಪೆಟ್ಟಿಗೆ, ಒಂದು ಕೆಮ್ಮು. ಕೆಮ್ಮು ಆರು ತಿಂಗಳಿಂದ ಚಾಚಾನ ಜೊತೆ ಸಂಸಾರ ಮಾಡುತ್ತಿತ್ತು. ಓಟಿನ ಹಿಂದಿನ ದಿನ ಇಡೀ ಬೀದಿಯ ಬಟ್ಟೆಗೆ ಅವನದು ಪುಕ್ಕಟೆ ಇಸ್ತ್ರಿ. ವರ್ಷವೆಲ್ಲ ಮಣ್ಣು ಮೆತ್ತಿದ ಬಟ್ಟೆಯಲ್ಲೇ ಇರುತ್ತೀವಿ, ಆ ಒಂದು ದಿನ ಮೆಂಬರಿನ ಹಾಗೆ ಇಸ್ತ್ರಿ ಗೆರೆ ಬಿದ್ದ ಅಂಗಿ ಹಾಕಿಕೊಂಡು ಸಾಲಿನಲ್ಲಿ ನಿಲ್ಲಬೇಕು ಎನ್ನುವುದು ಅವನ ಹಟ.

"ಸಹಿ ಹಾಕು" ಎಂದಳು ಕಡ್ಡಿ. "ಹಾಕಿ ಹೆಸರು ವಾಪಸ್ ತಗೋ. ಹೆಸರು ಕೊಡಬೇಡಿ ಅಂತ ನಾನು ಬಡ್ಕೊಂಡೆ. ಕೇಳಿದ್ರಾ?"

"ಹಾಕಿದ್ರೆ ಅವರನ್ನ ಅಗೆದು ಎಸೀತಾರೆ" ಎಂದಳು ಸಿಸ್ಟರಮ್ಮ. "ಅಗೆಯೋಕೂ ಅಕ್ಕನನ್ನೇ ಕರೀತಾರೆ. ಮೈ ತೊಳೆದಿದ್ದು ನಾನು. ಒಬ್ಬೊಬ್ಬರ ಮುಖವೂ ನೆನಪಿದೆ ನನಗೆ."

"ಹಾಕದಿದ್ರೆ ನೀವು ಸತ್ತಿರ್ತೀರಿ. ಅವನು ಮತ್ತೆ ಗೆಲ್ತಾನೆ. ಗೆದ್ದು ಬಂದು ಹೇಗಿದ್ರೂ ಅಗೀತಾನೆ. ಆಗೇನು ಮಾಡ್ತೀರಿ, ಮಂತ್ರ ಹೇಳ್ತೀರಾ?"

ಕಡ್ಡಿಯ ಮಾತು ಚುಚ್ಚುತ್ತಿದ್ದದ್ದು ಅದು ನಿಜವಾಗಿದ್ದರಿಂದ. ಗುದ್ದಲಿಯಕ್ಕ ಚಾಚಾನ ಕಡೆ ತಿರುಗಿದಳು. ಅವನು ಸೂಜಿಗೆ ದಾರ ಪೋಣಿಸುತ್ತ ಕೂತಿದ್ದ.

"ಕೊಟ್ಟಿದ್ದನ್ನ ವಾಪಸ್ ಕೇಳೋದು ನನಗೆ ಬರಲ್ಲಮ್ಮ" ಎಂದ. "ಒಂದು ಹೆಸರಲ್ಲಿ ಇಬ್ಬರಿದ್ರೆ ಏನು ತಪ್ಪು? ನಮ್ಮ ಮಸೀದಿಲಿ ನನ್ನ ಹೆಸರಿನವರು ಇನ್ನೂ ಆರು ಜನ ಇದ್ದಾರೆ. ಒಬ್ಬ ಸತ್ರೆ ಆರೂ ಜನರನ್ನ ಹೂಳ್ತಾರಾ? ವಿಚಾರಣೇಲಿ ನಾನೇ ಕೇಳ್ತೀನಿ. ನನ್ನದು ಏಳನೇ ನಂಬರ್."

ಕೇಳಲು ಅವನಿಗೆ ಆಗಲಿಲ್ಲ. ವಿಚಾರಣೆಯ ದಿನ ಬೆಳಗ್ಗೆ ಏಳು ಗಂಟೆಗೆ, ಆಫೀಸಿಗೆ ಹಾಕಿಕೊಂಡು ಹೋಗುವ ಅಂಗಿಗೆ ಗುಂಡಿ ಹೊಲಿಯುತ್ತ, ಮೆಷಿನಿನ ಮೇಲೆ ತಲೆಯಿಟ್ಟವನು ಎತ್ತಲಿಲ್ಲ.

ಗುದ್ದಲಿಯಕ್ಕ ಅಳುತ್ತಲೇ ಸ್ಮಶಾನದ ಗೇಟಿಗೆ ಹೋದಳು. ಹೊಸ ಗುಮಾಸ್ತನಿಗೆ ಡಾಕ್ಟರ ಚೀಟಿ ಕೊಟ್ಟಳು. ಈಗೆಲ್ಲ ಪರವಾನಗಿ ಕಂಪ್ಯೂಟರಿನಲ್ಲೇ ಬರಬೇಕು. ಗುಮಾಸ್ತ ಚಾಚಾನ ಗುರುತಿನ ನಂಬರ್ ಹೊಡೆದ. ಮತ್ತೊಮ್ಮೆ ಹೊಡೆದ.

"ಅಕ್ಕ, ಇವರು ಆಗಲೇ ಸತ್ತಿದ್ದಾರೆ. ನಾಲ್ಕು ವರ್ಷ ಆಯ್ತು. ಇಲ್ಲೇ ಹೂತಿದ್ದೀವಿ."

"ಗೊತ್ತು."

"ಒಬ್ಬರನ್ನ ಎರಡು ಸಲ ಹೂಳೋಕೆ ಪರವಾನಗಿ ಬರಲ್ಲ ಅಕ್ಕ. ನಾನೇನು ಮಾಡಲಿ, ಇದು ತಗೊಳ್ತಾನೇ ಇಲ್ಲ."

ಅವಳು ಚಾಚಾನ ಮನೆಗೆ ಬಂದಾಗ ಅಂಗಳದಲ್ಲಿ ಮೈ ತೊಳೆದಾಗಿತ್ತು. ಚಾಚಾ ತಾನೇ ಹೊಲಿದಿಟ್ಟಿದ್ದ ಬಿಳಿ ಬಟ್ಟೆ ಹೊದಿಸಿದ್ದರು. ಮಸೀದಿಯ ಹಿರಿಯರೂ ಬಂದಿದ್ದರು. ಸತ್ತವನು ಮೂವತ್ತು ವರ್ಷ ಅವರ ಹಿಂದೆ ಸಾಲಿನಲ್ಲಿ ನಿಂತವನು. ಪರವಾನಗಿಯ ಮಾತು ಕೇಳಿ ಎಲ್ಲರೂ ದಂಗಾದರು.

ಗಂಟೆಯಣ್ಣ ಅವಳನ್ನು ಪಕ್ಕಕ್ಕೆ ಕರೆದ. "ಗೇಟಿನ ಕೀಲಿ ನಿನ್ನ ಹತ್ತಿರ ಇದೆಯಲ್ಲ. ಸುಮ್ಮನೆ ತೋಡಿಬಿಡು. ಗುಮಾಸ್ತ ಆ ಕಡೆ ತಿರುಗಿ ಕೂತ್ಕೋತಾನೆ. ಮರ್ಯಾದೆಯಿಂದ ಕಳಿಸಿಕೊಡೋಣ."

ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳು ಒಂದೇ ಒಂದು ಹೆಣವನ್ನೂ ಬೇಡ ಎಂದವಳಲ್ಲ. ಜ್ವರ ಬಂದಾಗ ತೋಡಿದ್ದಳು. ಗಂಡ ಸತ್ತಾಗ ಗರ್ಭಿಣಿ, ಆಗಲೂ ತೋಡಿದ್ದಳು. ಮಂಡಿಯವರೆಗೆ ನೀರು ನಿಂತ ಗುಂಡಿಯಿಂದ ಬಕೆಟಿನಲ್ಲಿ ಕೆಸರು ಹೊತ್ತುಹಾಕಿ ತೋಡಿದ್ದಳು. ಈಗ ಕೀಲಿಯನ್ನು ಸೊಂಟದಿಂದ ತೆಗೆದಳು. ಅದನ್ನು ನೋಡಿದಳು. ಮತ್ತೆ ಸೊಂಟಕ್ಕೇ ಸಿಕ್ಕಿಸಿದಳು.

"ನಾನು ತೋಡಲ್ಲ."

ಎಲ್ಲರೂ ಅವಳ ಕಡೆ ತಿರುಗಿದರು.

"ಸುಮ್ಮನೆ ಹೂತ್ರೆ ಅವರು ಬರೆದಿದ್ದು ನಿಜ ಆಗುತ್ತೆ. ನಾಲ್ಕು ವರ್ಷದಿಂದ ಚಾಚಾ ಇರಲೇ ಇಲ್ಲ ಅಂತ ಆಗುತ್ತೆ. ಈ ನಾಲ್ಕು ವರ್ಷ ನಮ್ಮ ಬಟ್ಟೆ ಹೊಲಿದಿದ್ದು ಯಾರು ಹಾಗಾದ್ರೆ? ಸತ್ತವನಾ? ಮೊದಲು ಚಾಚಾ ಬದುಕಬೇಕು. ಆಮೇಲೆ ಸಾಯ್ಲಿ. ಆಮೇಲೆ ನಾನು ತೋಡ್ತೀನಿ. ಇವತ್ತು ವಿಚಾರಣೆ ಇದೆ. ಏಳನೇ ನಂಬರ್ ಇವರದು. ಕರ್ಕೊಂಡು ಹೋಗೋಣ."

"ಹೆಣ ಇಟ್ಟುಕೊಂಡು ಜಗಳ ಮಾಡೋದಾ?" ಎಂದರು ಹಿರಿಯರು. "ಮಣ್ಣಿಗೆ ತಡ ಮಾಡಬಾರದು ತಾಯಿ. ನಮ್ಮಲ್ಲಿ ಅದು ದೊಡ್ಡ ತಪ್ಪು."

"ತಡ ಮಾಡ್ತಿರೋದು ನಾನಲ್ಲ ಹಜ್ರತ್. ನಿಮ್ಮ ಸಮಿತಿ ಅಧ್ಯಕ್ಷರನ್ನ ಕೇಳಿ."

ಹೇಳುವ ಹಕ್ಕು ಇದ್ದದ್ದು ಚಾಚಿಗೆ. ಅವಳು ಗಂಡನ ತಲೆಯ ಹತ್ತಿರ ಕೂತಿದ್ದಳು. ಗುಂಡಿ ಅರ್ಧ ಹೊಲಿದ ಅಂಗಿ ಮಡಿಲಲ್ಲಿತ್ತು. "ಒಯ್ಯಿರಿ" ಎಂದಳು. "ವಿಚಾರಣೆಗೆ ಹೋಗಬೇಕು ಅಂತ ನಿನ್ನೆಯೇ ಗಡ್ಡ ಒಪ್ಪ ಮಾಡಿಸಿಕೊಂಡಿದ್ರು. ಹೋಗಿ ಬರಲಿ."

ಹೆಗಲು ಕೊಡಲು ಮುಂದೆ ಬಂದವರು ಚಾಚಾನ ಅಳಿಯ, ಗಂಟೆಯಣ್ಣ, ಸಿಸ್ಟರಮ್ಮ. ನಾಲ್ಕನೆಯ ಮೂಲೆಗೆ ಕಡ್ಡಿ ಬಂದು ನಿಂತಳು. ಅವಳ ವಿಚಾರಣೆ ಇರಲಿಲ್ಲ. ಅವಳು ಬದುಕಿದ್ದಳಲ್ಲ.

"ಹೆಂಗಸರು ಹೆಗಲು ಕೊಡೋ ಪದ್ಧತಿ ಇಲ್ಲ" ಎಂದರು ಹಿರಿಯರು, ಮೆಲ್ಲಗೆ.

"ಹೆಂಗಸು ಗುಂಡಿ ತೋಡಬಹುದು, ಹೆಣ ತೊಳೀಬಹುದು, ಹೆಗಲು ಕೊಡಬಾರದಾ?" ಎಂದಳು ಕಡ್ಡಿ. "ಸರಿ, ನೀವು ಬನ್ನಿ. ನನಗೇನು, ಭಾರ ಕಮ್ಮಿ."

ಹಿರಿಯರು ಬರಲಿಲ್ಲ. ಆದರೆ ತಮ್ಮ ಕಾರನ್ನೂ ಹತ್ತಲಿಲ್ಲ. ಹಿಂದೆ ಹಿಂದೆ ನಡೆದರು. ಒಂದೂವರೆ ಮೈಲಿ. ಬಿಸಿಲು. ಅರ್ಧ ದಾರಿಯಲ್ಲಿ ಸಿಸ್ಟರಮ್ಮನ ಕಾಲು ತಡವರಿಸಿತು. ಚಟ್ಟ ಒಂದು ಕಡೆಗೆ ವಾಲಿತು. ಒಂದು ಕೈ ಬಂದು ಹಿಡಿಯಿತು. ಹಿರಿಯರ ಕೈ. ಆ ಮೂಲೆಯನ್ನು ಅವರು ಆಮೇಲೆ ಬಿಡಲಿಲ್ಲ.

ಆಫೀಸಿನ ಬಾಗಿಲಲ್ಲಿ ಕಾವಲಿನವನು ಅಡ್ಡ ನಿಂತ. "ಇದನ್ನೆಲ್ಲ ಒಳಗೆ ಬಿಡಲ್ಲ."

"ಅರ್ಜಿದಾರರು ಖುದ್ದಾಗಿ ಹಾಜರಾಗಬೇಕು ಅಂತ ನೋಟೀಸಲ್ಲಿ ನೀವೇ ಬರೆದಿದ್ದೀರಿ" ಎಂದ ಗಂಟೆಯಣ್ಣ. ದಿನಾ ನೂರು ಜನರ ಗದ್ದಲದ ಮೇಲೆ ಗಂಟೆ ಹೊಡೆಯುವ ತೋಳು ಅವನದು. ಕಾವಲಿನವನನ್ನು ಮೆತ್ತಗೆ ಪಕ್ಕಕ್ಕೆ ಸರಿಸಿದ.

ಒಳಗೆ ಅರ್ಜಿದಾರರ ಬೆಂಚು ಒಂದೇ. ಚಾಚಾನನ್ನು ಅದರ ಮೇಲೆ ಮಲಗಿಸಿದರು. ಉಳಿದ ನಲವತ್ತು ಜನ ಗೋಡೆಗೆ ಒರಗಿ ನಿಂತರು. ಅಧಿಕಾರಿ ಮೇಜಿನ ಹಿಂದೆ ಎದ್ದು ನಿಂತ. ಗುಮಾಸ್ತರು ಮೂಗಿಗೆ ಕರ್ಚೀಫು ಹಿಡಿದರು. ವಾಸನೆ ಇನ್ನೂ ಬಂದಿರಲಿಲ್ಲ. ಬೀದಿಯವರು ಬಂದಾಗ ಕರ್ಚೀಫು ಹಿಡಿಯುವುದು ಅವರಿಗೆ ರೂಢಿ.

"ಏನಿದು ಅನ್ಯಾಯ?" ಎಂದ ಅಧಿಕಾರಿ.

"ನಾವೂ ಅದನ್ನೇ ಕೇಳೋಕೆ ಬಂದಿದ್ದೀವಿ ಸಾರ್" ಎಂದಳು ಗುದ್ದಲಿಯಕ್ಕ. "ಏಳನೇ ನಂಬರ್. ಹೂಳೋಕೆ ಪರವಾನಗಿ ಸಿಗ್ತಿಲ್ಲ. ಯಾವತ್ತು ಸತ್ರು ಅಂತ ನೀವೇ ಹೇಳಿ."

"ಆ ಸಮಿತಿಯ ಕಾಗದಕ್ಕೆ ಸಹಿ ಹಾಕಿದ್ರೆ ಇಷ್ಟೆಲ್ಲ ಬೇಕಿತ್ತಾ? ಈಗಲೂ ಹಾಕು. ಐದು ನಿಮಿಷದಲ್ಲಿ ಸರಿ ಮಾಡ್ತೀನಿ."

ಕಾಗದ ಮೇಜಿನ ಮೇಲೇ ಇತ್ತು. ಪೆನ್ನೂ ಇತ್ತು. ಚಾಚಾನ ಮುಖದ ಮೇಲೆ ಒಂದು ನೊಣ ಕೂತಿತು. ಚಾಚಿ ಅಂಗಿಯ ತೋಳಿನಿಂದ ಅದನ್ನು ಓಡಿಸಿದಳು.

"ಹಾಕಲ್ಲ" ಎಂದಳು ಗುದ್ದಲಿಯಕ್ಕ. "ಮುಳುಗಿ ಬಂದವನಿಗೆ ಚಾಚಾ ಹೆಸರು ಕೊಟ್ಟ. ಅದು ಸುಳ್ಳಲ್ಲ. ಅವನೂ ಅದೇ ಹೆಸರಿನವನು, ಇವನೂ ಅದೇ ಹೆಸರಿನವನು. ಅವನು ಅವತ್ತು ಸತ್ತ, ಇವನು ಇವತ್ತು ಸತ್ತ. ಬರೀರಿ."

"ಹಾಗೆಲ್ಲ ಬರೆಯೋಕೆ ಬರಲ್ಲ."

"ಹಾಗಾದ್ರೆ ಇಲ್ಲೇ ಇರಲಿ. ನಾವು ಕಾಯ್ತೀವಿ. ಚಾಚಾ ಎಷ್ಟು ಹೊತ್ತು ಕಾಯ್ತಾನೆ ನೋಡೋಣ."

ಅವಳು ಬೆಂಚಿನ ಪಕ್ಕ ನೆಲದ ಮೇಲೆ ಕೂತಳು. ಎಲ್ಲರೂ ಕೂತರು. ಹನ್ನೆರಡಾಯಿತು. ಒಂದಾಯಿತು. ಫ್ಯಾನು ಬಿಸಿ ಗಾಳಿ ತಿರುಗಿಸುತ್ತಿತ್ತು. ಅಧಿಕಾರಿ ಮೆಂಬರಿಗೆ ಫೋನ್ ಮಾಡಿದ. ಮೆಂಬರ್ ಸಮಿತಿಗೆ ಫೋನ್ ಮಾಡಿದ. ಹಿರಿಯರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವರು ತೆಗೆದು ಕಿವಿಗಿಟ್ಟರು, ಸ್ವಲ್ಪ ಹೊತ್ತು ಕೇಳಿದರು. "ಶಾಂತಿ ಕೆಡ್ತಿಲ್ಲ ಮೆಂಬರೇ, ಎಲ್ಲರೂ ಶಾಂತವಾಗೇ ಕೂತಿದ್ದಾರೆ. ಎಲ್ಲರಿಗಿಂತ ಶಾಂತವಾಗಿ ನಮ್ಮ ದರ್ಜಿ ಮಲಗಿದ್ದಾನೆ" ಎಂದು ಹೇಳಿ ಫೋನು ಆರಿಸಿದರು. ಎದ್ದು ಮೇಜಿನ ಹತ್ತಿರ ಹೋದರು.

"ಸಾಕ್ಷಿ ಬೇಕಲ್ಲ ನಿಮಗೆ? ಬರ್ಕೊಳ್ಳಿ. ಹೋದ ವಾರ ಇವನು ನನ್ನ ಹಿಂದೆ ಎರಡನೇ ಸಾಲಲ್ಲಿ ನಿಂತು ಪ್ರಾರ್ಥನೆ ಮಾಡಿದ. ಸತ್ತವನಲ್ಲ ಅವನು. ಹೆಸರು ಕೊಡೋದು ಪಾಪ ಅಂತ ನನ್ನ ಧರ್ಮದಲ್ಲಿ ಎಲ್ಲೂ ಬರೆದಿಲ್ಲ. ಸಹಿ ಹಾಕು ಅಂತ ಇವಳಿಗೆ ಹೇಳಿದವನು ನಾನು. ಅದನ್ನೂ ಬರ್ಕೊಳ್ಳಿ. ಅದು ನನ್ನ ತಪ್ಪು."

ಒಂದೂವರೆಗೆ ಅಧಿಕಾರಿ ಕಂಪ್ಯೂಟರಿನ ಮುಂದೆ ಕೂತ. ಇವತ್ತಿನ ಸಾವು ಬರೆಯಬೇಕಾದರೆ ಮೊದಲು ಆ ಮನುಷ್ಯನನ್ನು ಬದುಕಿಸಬೇಕಿತ್ತು. ಬೇರೆ ದಾರಿ ಇರಲಿಲ್ಲ. ಕಾರಣ ಎನ್ನುವ ಜಾಗದಲ್ಲಿ ಅವನು ತಡವರಿಸುತ್ತ ಬರೆದ: ಅದೇ ಹೆಸರಿನ ಬೇರೊಬ್ಬ ವ್ಯಕ್ತಿಯ ಮರಣದಿಂದಾಗಿ ತಪ್ಪಾಗಿ ತೆಗೆಯಲಾಗಿದೆ. ಕಾಗದ ಹೊರಗೆ ಬಂತು. ಮೊಹರು ಬಿತ್ತು. ದರ್ಜಿ ಚಾಚಾ ಎರಡು ನಿಮಿಷ ಬದುಕಿದ. ಮೂರನೆಯ ನಿಮಿಷಕ್ಕೆ ಸತ್ತ. ಚಾಚಿ ಆಗ ಮೊದಲ ಸಲ ದನಿ ತೆಗೆದು ಅತ್ತಳು.

"ಆಯ್ತಲ್ಲ. ಒಯ್ಯಿರಿ" ಎಂದ ಅಧಿಕಾರಿ.

ಗುದ್ದಲಿಯಕ್ಕ ಏಳಲಿಲ್ಲ. "ಇನ್ನೂ ನಲವತ್ತು ಜನ ಇದ್ದೀವಿ. ಕಾರಣ ಅದೇ. ಅದನ್ನೇ ಬರೀರಿ."

"ಅದಕ್ಕೆಲ್ಲ ಬೇರೆ ಬೇರೆ ವಿಚಾರಣೆ ಆಗಬೇಕು. ಟೈಮ್ ಹಿಡಿಯುತ್ತೆ."

"ಓಟಿಗೆ ಹನ್ನೊಂದು ದಿನ ಇದೆ. ಒಬ್ಬೊಬ್ಬರೂ ಸತ್ತು ಇಲ್ಲಿಗೆ ಹೊತ್ಕೊಂಡು ಬರೋ ತನಕ ಕಾಯ್ತೀರಾ ಸಾರ್? ಹೊರೋಕೆ ನಾವು ತಯಾರಿದ್ದೀವಿ. ನಮಗೆ ಅದೇ ಕೆಲಸ."

ಅಷ್ಟು ಹೊತ್ತಿಗೆ ವಾಸನೆ ಶುರುವಾಗಿತ್ತು. ನಿಜವಾದ ವಾಸನೆ. ಅಧಿಕಾರಿ ಬೆಂಚನ್ನು ನೋಡಿದ, ಕೈಯಲ್ಲಿದ್ದ ಮೊಹರನ್ನು ನೋಡಿದ. ಒಂದನೇ ನಂಬರ್ ಕರೆದ.

"ಇದ್ದೀನಿ" ಎಂದು ಗಂಟೆಯಣ್ಣ ಎದ್ದು ನಿಂತ.

ನಲವತ್ತು ಸಲ ಮೊಹರು ಬಿತ್ತು. ನಲವತ್ತು ಸಲ ಇದ್ದೀನಿ ಎಂಬ ಮಾತು ಕೇಳಿತು. ಕೆಲವರು ಕೂಗಿ ಹೇಳಿದರು. ಸಿಸ್ಟರಮ್ಮ ಕೈ ಎತ್ತಿ ಹೇಳಿದಳು. ಗುದ್ದಲಿಯಕ್ಕನದು ಕೊನೆಯ ನಂಬರ್.

ಆಮೇಲೆ ಅವಳು ತೋಡಿದಳು. ಹಿಂಭಾಗದಲ್ಲಿ, ಮುಳುಗಿ ಸತ್ತವನ ಪಕ್ಕದಲ್ಲೇ. ಜಾಗ ಹಿಡಿದಿಟ್ಟಿದ್ದು ಅಲ್ಲಿಯೇ ಅಲ್ಲವೇ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅಳು, ಬೆವರು ಎರಡೂ ಒಂದೇ ದಾರಿಯಲ್ಲಿ ಇಳಿದವು. ಹೊತ್ತು ಮುಳುಗುವುದರೊಳಗೆ ಗುಂಡಿ ಸಿದ್ಧವಾಯಿತು. ಎರಡು ಗುಂಡಿ, ಒಂದೇ ಹೆಸರು.

ಮೂರನೆಯ ದಿನ ಬೆಳಗ್ಗೆ ಆಸ್ಪತ್ರೆಯ ಗಾಡಿ ಬಂತು. ಸಿಸ್ಟರಮ್ಮ ಇಳಿದಳು. ಕೈಯಲ್ಲಿ ಚೀಟಿ.

"ಹೆಂಗಸು. ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ಲು" ಎಂದಳು. "ಹೆಸರಿಲ್ಲ."

ಸುದ್ದಿ ಕೇಳಿ ಬೀದಿಯವರು ಗೇಟಿನ ಹತ್ತಿರ ಬಂದು ನಿಂತರು. ಓಟಿಗೆ ಎಂಟು ದಿನ ಇತ್ತು. ಹಳಬರೆಲ್ಲ ಒಮ್ಮೆ ಕೊಟ್ಟಾಗಿತ್ತು, ಒಮ್ಮೆ ಸತ್ತು ಎದ್ದಾಗಿತ್ತು. ಒಬ್ಬಳು ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿದಳು. ಗುದ್ದಲಿಯಕ್ಕ ಯಾರನ್ನೂ ಕೇಳಲಿಲ್ಲ. ಕೇಳುವ ಬಾಯಿ ಅವಳಿಗಿರಲಿಲ್ಲ. ಗುಮಾಸ್ತ ರಿಜಿಸ್ಟರ್ ತೆಗೆದು ಪೆನ್ನು ಹಿಡಿದು ಕೂತಿದ್ದ. ಅನಾಮಧೇಯ ಎಂದು ಬರೆಯಲು ಬಗ್ಗಿದ.

"ತಡಿ."

ಕಡ್ಡಿ ಚರಂಡಿಯ ಕೆಲಸದಿಂದ ನೇರ ಬಂದಿದ್ದಳು. ಮೊಣಕಾಲವರೆಗೆ ಕಪ್ಪು ಕೆಸರು. ಗಾಡಿಯ ಹತ್ತಿರ ಹೋಗಿ ಬಟ್ಟೆ ಸರಿಸಿ ಹೆಣದ ಮುಖ ನೋಡಿದಳು. ತನಗಿಂತ ಸ್ವಲ್ಪ ಚಿಕ್ಕವಳು. ಹಣೆಯ ಮೇಲೆ ಅಂಟಿದ್ದ ಕೂದಲನ್ನು ಪಕ್ಕಕ್ಕೆ ಮಾಡಿದಳು. ಗುಮಾಸ್ತನ ಮುಂದೆ ಬಂದು ನಿಂತಳು.

"ನನ್ನದು ಬರಿ."

"ಅಮ್ಮ, ಓಟಿಗೆ ಎಂಟೇ ದಿನ. ಮತ್ತೆ ಪಟ್ಟಿಯಿಂದ ತೆಗೆದ್ರೆ?"

"ಆಫೀಸಿನ ದಾರಿ ಗೊತ್ತಾಗ್ಲಿಲ್ವಾ ಈಗ? ಹೋಗಿ ಇದ್ದೀನಿ ಅಂತ ಹೇಳ್ತೀನಿ. ಬರಿ."

ಅವಳು ತನ್ನ ಹೆಸರು ಹೇಳಿದಳು. ಇಡೀ ಬೀದಿಯಲ್ಲಿ ಎಷ್ಟೋ ಜನ ಆ ಹೆಸರನ್ನು ಮೊದಲ ಸಲ ಕೇಳಿದರು. ಗುಮಾಸ್ತ ಬರೆದು ಮುಗಿಸುವ ತನಕ ಅವಳು ಅವನ ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು.

ಗುದ್ದಲಿಯಕ್ಕ ಗುದ್ದಲಿ ಎತ್ತಿಕೊಂಡು ಹಿಂಭಾಗಕ್ಕೆ ನಡೆದಳು.